ಮೂಲೆ, ನೆಲ, ಬೆವರು: ಗಾಜಿನ ಗೋಡೆಯ ಎರಡು ಮನೆಗಳು

ಎಲ್ಲರಿಗೂ ನಮಸ್ಕಾರ.

ಗಾಜಿನ ಮನೆ ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಲಾಲ್‌ಬಾಗ್. 1889ರ ನವೆಂಬರ್ 30ರಂದು ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ ಆ ಕಟ್ಟಡ ಗಿಡಗಳಿಗೆ, ಫಲಪುಷ್ಪ ಪ್ರದರ್ಶನಕ್ಕೆ ಹೊಂದಿಕೊಂಡದ್ದು. ಅಲ್ಲಿ ಯಾರೂ ರಾತ್ರಿ ಮಲಗಬೇಕಾಗಿಲ್ಲ, ಒಲೆ ಹಚ್ಚಬೇಕಾಗಿಲ್ಲ. ಇವತ್ತಿನ ಮಾತು ಮನುಷ್ಯರು ವಾಸಿಸಲೆಂದೇ ನಾಲ್ಕೂ ಕಡೆ ಗಾಜು ನಿಲ್ಲಿಸಿ ಕಟ್ಟಿದ ಮನೆಗಳ ಬಗ್ಗೆ. ಮುಖ್ಯವಾಗಿ ಅಮೆರಿಕದ ಎರಡು ಮನೆಗಳು. ಒಂದು, ಇಲಿನಾಯ್ ರಾಜ್ಯದ ಪ್ಲೇನೋ ಎಂಬ ಊರಿನ ಹತ್ತಿರ ವಾಸ್ತುಶಿಲ್ಪಿ ಲುಡ್ವಿಗ್ ಮೀಸ್ ವಾನ್ ಡೆರ್ ರೋ ಕಟ್ಟಿದ ಫಾರ್ನ್ಸ್‌ವರ್ತ್ ಮನೆ. ಇನ್ನೊಂದು, ಕನೆಟಿಕಟ್ ರಾಜ್ಯದ ನ್ಯೂ ಕೇನನ್‌ನಲ್ಲಿ ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್ ತನಗಾಗಿ ಕಟ್ಟಿಕೊಂಡ ಗ್ಲಾಸ್ ಹೌಸ್.

ಇವುಗಳ ತಾರೀಖುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಮೀಸ್ ತಮ್ಮ ಮನೆಯ ವಿನ್ಯಾಸ ಶುರುಮಾಡಿದ್ದು 1945–46ರಲ್ಲಿ. ಮನೆ ಮುಗಿದದ್ದು 1951ರಲ್ಲಿ. ಜಾನ್ಸನ್ ಮನೆ 1949ರಲ್ಲೇ ಸಿದ್ಧ. ಅಂದರೆ ಪ್ರಭಾವಕ್ಕೆ ಒಳಗಾದ ಮನೆ, ಪ್ರಭಾವ ಬೀರಿದ ಮನೆಗಿಂತ ಮೊದಲು ಎದ್ದು ನಿಂತಿತು. ಇದು ಹೇಗಾಯಿತೆಂದರೆ, 1947ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಮೀಸ್ ಅವರ ಕೆಲಸಗಳ ದೊಡ್ಡ ಪ್ರದರ್ಶನ ನಡೆಯಿತು. ಅದನ್ನು ಏರ್ಪಡಿಸಿದವರು ಜಾನ್ಸನ್ ಅವರೇ. ಫಾರ್ನ್ಸ್‌ವರ್ತ್ ಮನೆಯ ಮಾದರಿ ಅಲ್ಲಿತ್ತು. ಜಾನ್ಸನ್ ಕಂಡದ್ದು ಒಂದು ಪುಟ್ಟ ಮಾದರಿ ಮತ್ತು ಕೆಲವು ನಕ್ಷೆಗಳು. ಅವರೂ ಸೇರಿದಂತೆ ಯಾರೂ ಆ ಮನೆಯೊಳಗೆ ಒಂದು ಚಳಿಗಾಲ ಕಳೆದಿರಲಿಲ್ಲ; ಕಳೆಯಲು ಮನೆಯೇ ಇರಲಿಲ್ಲ.

ಗಾಜಿನ ಮನೆಗಳ ಪ್ರಭಾವ ಹರಡಿದ ರೀತಿ ಬಹುಮಟ್ಟಿಗೆ ಇದೇ. ಚಿತ್ರ ಮೊದಲು ಹೊರಟಿತು. ಗಾಜನ್ನು ಹಿಡಿದ ಪಟ್ಟಿ, ನೀರು ಹೋಗುವ ದಾರಿ, ಬಿಸಿ ಬರುವ ಕೊಳವೆ, ಇವೆಲ್ಲ ಹಿಂದೆಯೇ ಉಳಿದವು. ಆದ್ದರಿಂದ ಹಿಂದೆ ಉಳಿದ ಆ ಭಾಗಗಳನ್ನೇ ಇಲ್ಲಿ ಹೆಚ್ಚು ನೋಡೋಣ.

ಮೊದಲು ಫಾರ್ನ್ಸ್‌ವರ್ತ್ ಮನೆ. ಕಟ್ಟಿಸಿದವರು ಡಾ. ಈಡಿತ್ ಫಾರ್ನ್ಸ್‌ವರ್ತ್, ಷಿಕಾಗೊದ ಮೂತ್ರಪಿಂಡ ತಜ್ಞೆ. ವಾರದ ಕೊನೆಯಲ್ಲಿ ಬಂದು ಇರಲು ಫಾಕ್ಸ್ ನದಿಯ ದಂಡೆಯಲ್ಲಿ ಒಂದು ಮನೆ ಬೇಕೆಂದರು. ದಂಡೆ ಪ್ರವಾಹದ ಬಯಲು, ಹಾಗಾಗಿ ನೆಲವನ್ನು ಭೂಮಿಯಿಂದ 5 ಅಡಿ 3 ಅಂಗುಲ ಎತ್ತಿ ನಿಲ್ಲಿಸಿದರು. ಛಾವಣಿಯ ಉದ್ದ 77 ಅಡಿ, ಅಗಲ ಸುಮಾರು 28 ಅಡಿ. ಎಂಟೇ ಎಂಟು ಉಕ್ಕಿನ ಕಂಬಗಳು, ಸಾಲಿಗೆ ನಾಲ್ಕು. ಕಂಬದಿಂದ ಕಂಬಕ್ಕೆ 22 ಅಡಿ; ಅಂದರೆ ಮೂರು ಅಂಕಣ, 66 ಅಡಿ. ಉಳಿದ 11 ಅಡಿಯನ್ನು ಎರಡೂ ತುದಿಗೆ ಐದೂವರೆ ಅಡಿಯಂತೆ ಹಂಚಿ, ಕಂಬದಾಚೆ ಚಾಚಿ ಬಿಟ್ಟಿದ್ದಾರೆ. ಉದ್ದದಲ್ಲಿ 55 ಅಡಿ ಗಾಜಿನೊಳಗೆ, 22 ಅಡಿ ತೆರೆದ ಜಗಲಿ.

ಈ ಐದೂವರೆ ಅಡಿಯ ಚಾಚಿನಲ್ಲೇ ಮನೆಯ ಗುಟ್ಟಿದೆ. ನಮ್ಮ ಸಾಂಪ್ರದಾಯಿಕ ತೊಟ್ಟಿ ಮನೆಯಾಗಲಿ, ಈಗಿನ ಆರ್‌ಸಿಸಿ ಮನೆಯಾಗಲಿ, ಮೂಲೆಯಲ್ಲಿ ಒಂದು ಗಟ್ಟಿ ವಸ್ತು ನಿಂತಿರುತ್ತದೆ. ಇಲ್ಲಿ ಮೂಲೆಗೆ ಭಾರವೇ ಬೀಳುವುದಿಲ್ಲ. ಹಾಗಾಗಿ ಮೂಲೆಯಲ್ಲಿ ಗಾಜನ್ನು ಹಿಡಿಯುವಷ್ಟು ತೆಳ್ಳನೆಯ ಉಕ್ಕಿನ ಪಟ್ಟಿ ಸಾಕಾಯಿತು. ಕಂಬಗಳು ಗಾಜಿನ ಹೊರಗೆ ನಿಂತಿವೆ. ನೆಲ ಮತ್ತು ಛಾವಣಿಯ ಅಂಚಿಗೆ ಓಡುವ 15 ಅಂಗುಲದ ಸಿ ಆಕಾರದ ಉಕ್ಕಿನ ಚಾನೆಲ್‌ಗಳ ಮೈಗೆ ಹೊರಗಿನಿಂದ ಅಂಟಿಕೊಂಡಿವೆ. ಅಂಟಿಸಿದ ಬಗೆಯೂ ಸಾಮಾನ್ಯದ್ದಲ್ಲ. ಕಂಬ ಚಾನೆಲ್‌ಗೆ ಸೇರುವಲ್ಲಿ ರಂಧ್ರದೊಳಗೆ ಲೋಹ ತುಂಬುವ ಪ್ಲಗ್ ವೆಲ್ಡಿಂಗ್ ಮಾಡಿ, ನಿಲ್ಲಿಸುವಾಗ ಕೊಟ್ಟ ತಾತ್ಕಾಲಿಕ ಆಸರೆಗಳನ್ನು ತೆಗೆದು, ಗುರುತು ಉಳಿಯದಂತೆ ಉಜ್ಜಿ, ಮರಳು ಸಿಡಿಸಿ ನಯಮಾಡಿ ಬಿಳಿ ಬಣ್ಣ ಬಳಿದರು. ಬೋಲ್ಟಿನ ತಲೆ ಒಂದೂ ಕಾಣುವುದಿಲ್ಲ. ನೋಡುವವರಿಗೆ ಛಾವಣಿ ಕಂಬಗಳ ನಡುವೆ ಸುಮ್ಮನೆ ತಡೆದು ನಿಂತಂತೆ ಕಾಣುತ್ತದೆ. ಸರಳವಾಗಿ ಕಾಣಲು ಇಷ್ಟು ಕೂಲಿ ಬೇಕಾಯಿತು ಎಂಬುದನ್ನು ಗಮನಿಸಬೇಕು. ಖರ್ಚು ಸುಮಾರು 74,000 ಡಾಲರಿಗೆ ಏರಿದ್ದಕ್ಕೆ ಇಂಥ ಕೆಲಸವೂ ಒಂದು ಕಾರಣ. ಆ ಹಣದ ತಕರಾರು ನ್ಯಾಯಾಲಯಕ್ಕೆ ಹೋಗಿ, ವಾಸ್ತುಶಿಲ್ಪಿ ಮತ್ತು ಮನೆಯೊಡತಿಯ ಸಂಬಂಧ ಶಾಶ್ವತವಾಗಿ ಮುರಿಯಿತು.

ನೆಲದ ಮಾತು. ಒಳಗೂ ಜಗಲಿಗೂ ಟ್ರಾವರ್ಟೀನ್ ಎಂಬ ಒಂದೇ ಬಗೆಯ ಸುಣ್ಣಕಲ್ಲು, ಒಂದೇ ಮಟ್ಟ. ಬಾಗಿಲ ಬಳಿ ಇಳಿಜಾರಿಲ್ಲ, ಮಳೆನೀರಿನ ಮೋರಿ ಕಾಣುವುದಿಲ್ಲ. ಹಾಗಾದರೆ ಜಗಲಿಗೆ ಬಿದ್ದ ನೀರು ಎಲ್ಲಿಗೆ? ಕಲ್ಲಿನ ಚಪ್ಪಡಿಗಳನ್ನು ಗಾರೆಯಲ್ಲಿ ಕೂರಿಸದೆ ಜಲ್ಲಿಯ ಹಾಸಿನ ಮೇಲೆ ಬಿಡಿಯಾಗಿ ಇಟ್ಟಿದ್ದಾರೆ. ನೀರು ಸಂದಿಯಿಂದ ಇಳಿದು, ಜಲ್ಲಿಯ ಕೆಳಗೆ ನಡುವಿಗೆ ಇಳಿಜಾರಾದ ಲೋಹದ ತೊಟ್ಟಿಗಳಿಗೆ ಸೇರಿ, ಅಲ್ಲಿಂದ ಕೆಳಗೆ ಹರಿಯುತ್ತದೆ. ಮೇಲೆ ಸಮತಟ್ಟು, ಕೆಳಗೆ ಇಳಿಜಾರು. ಫೋಟೋ ನೋಡಿ ಈ ಸಮತಟ್ಟು ನೆಲವನ್ನು ಮಾತ್ರ ನಕಲು ಮಾಡಿದವರ ಮನೆಯಲ್ಲಿ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಮೊದಲ ಜೋರು ಮಳೆಗೆ ಹೊಸ್ತಿಲಿಲ್ಲದ ಬಾಗಿಲಿನಿಂದ ನೀರು ಒಳಗೆ ಬರುತ್ತದೆ.

ಮನೆಯ ಮಧ್ಯೆ, ಸ್ವಲ್ಪ ಉತ್ತರಕ್ಕೆ ಸರಿದಂತೆ, ಪ್ರಿಮಾವೆರಾ ಮರದ ಹಲಗೆ ಹೊದಿಸಿದ ಒಂದು ಪೆಟ್ಟಿಗೆಯಂಥ ಭಾಗವಿದೆ. ಎರಡು ಬಚ್ಚಲು, ಅಗ್ಗಿಷ್ಟಿಕೆ, ಯಂತ್ರಗಳ ಗೂಡು ಎಲ್ಲ ಅದರೊಳಗೆ; ಅದರ ಉತ್ತರದ ಮೈಗೆ ಅಡುಗೆಯ ಕಟ್ಟೆ. ನೀರಿನ ಕೊಳವೆ, ತಂತಿಗಳು ಅದರ ಕೆಳಗಿನ ಒಂದು ದುಂಡನೆಯ ಕೊಳವೆ ಗೂಡಿನ ಮೂಲಕ ಭೂಮಿಗೆ ಇಳಿಯುತ್ತವೆ. ಗಾಜಿನ ಗೋಡೆಗೆ ಸ್ವಿಚ್ಚು ಕೂರಿಸಲಾಗದು, ನಲ್ಲಿಯ ಕೊಳವೆ ಹೂಳಲಾಗದು, ಕಪಾಟು ಒರಗಿಸಲಾಗದು. ಸಾಧಾರಣ ಮನೆಯಲ್ಲಿ ನಾಲ್ಕು ಗೋಡೆ ಹಂಚಿಕೊಳ್ಳುವ ಕೆಲಸವನ್ನೆಲ್ಲ ಗಾಜಿನ ಮನೆಯಲ್ಲಿ ಒಂದೇ ಗಟ್ಟಿ ಭಾಗ ಹೊರಬೇಕು. ಯಾವ ಗಾಜಿನ ಮನೆಯ ನಕ್ಷೆ ಕೈಗೆ ಸಿಕ್ಕಿದರೂ ಮೊದಲು ಈ ಗಟ್ಟಿ ಭಾಗ ಎಲ್ಲಿದೆ, ಅದಕ್ಕೆ ಸಾಕಷ್ಟು ಜಾಗ ಕೊಟ್ಟಿದ್ದಾರೆಯೇ ಎಂದು ನೋಡಿ.

ಈಗ ಜಾನ್ಸನ್ ಮನೆಗೆ ಬರೋಣ. 56 ಅಡಿ ಉದ್ದ, 32 ಅಡಿ ಅಗಲ, ಹತ್ತೂವರೆ ಅಡಿ ಎತ್ತರ. ಮೀಸ್ ಮನೆ ನೆಲ ಬಿಟ್ಟು ಎದ್ದಿದ್ದರೆ ಇದು ನೆಲಕ್ಕೆ ಕೂತಿದೆ. ಇಟ್ಟಿಗೆಯ ನೆಲಗಟ್ಟಿನ ಮೇಲೆ, ಮೀನಿನ ಮೂಳೆಯಂತೆ ಓರೆಯಾಗಿ ಜೋಡಿಸಿದ (ಹೆರಿಂಗ್‌ಬೋನ್) ಇಟ್ಟಿಗೆ ನೆಲ. ಉಕ್ಕಿಗೆ ಬಿಳಿಯ ಬದಲು ಇದ್ದಿಲು ಬೂದು ಬಣ್ಣ. ಇಲ್ಲೂ ಎಂಟು ಕಂಬಗಳೇ, ಆದರೆ ನಾಲ್ಕು ಕಂಬ ನೇರ ಮೂಲೆಯಲ್ಲಿ, ಉಳಿದ ನಾಲ್ಕು ಉದ್ದನೆಯ ಬದಿಗಳಲ್ಲಿ ಎರಡೆರಡು. ಗಾಜು ಕಂಬದ ಹೊರಮೈಯ ಹತ್ತಿರ. ನಾಲ್ಕೂ ಬದಿಯ ನಡುವೆ ಒಂದೊಂದು ಬಾಗಿಲು.

ಮೇಲ್ನೋಟಕ್ಕೆ ಅಣ್ಣತಮ್ಮಂದಿರಂತೆ ಕಾಣುವ ಇವೆರಡೂ ಇಲ್ಲಿ ಬೇರೆಯಾಗುತ್ತವೆ. ಮೂಲೆಗೆ ಕಂಬ ಬಂದ ಕೂಡಲೇ ಮನೆ ಪೆಟ್ಟಿಗೆಯಾಯಿತು, ನಾಲ್ಕು ಅಂಚುಗಳಿಗೂ ಗೆರೆ ಬಿತ್ತು. ಮೀಸ್ ಮನೆ ಎರಡು ಹಲಗೆಗಳ ನಡುವಿನ ಗಾಳಿಯಂತಿದ್ದರೆ, ಜಾನ್ಸನ್ ಮನೆ ಚೌಕಟ್ಟು ಹಾಕಿದ ಚಿತ್ರದಂತಿದೆ. ಒಂದರಲ್ಲಿ ಜಗಲಿ, ಮೆಟ್ಟಿಲು, ಒಳಗು ಎಲ್ಲ ಪಕ್ಕಕ್ಕೆ ಸರಿಯುತ್ತ ಹೋಗುತ್ತವೆ. ಇನ್ನೊಂದರಲ್ಲಿ ಎಡಬಲ ಸಮ. ನಮ್ಮ ಅಭಿಪ್ರಾಯದಲ್ಲಿ ಕಟ್ಟಡವಾಗಿ ಮೀಸ್ ಅವರದ್ದೇ ಮೇಲು. ಆದರೆ ಪ್ರಭಾವ ಎಂದರೇನು ಎಂದು ಕಲಿಯಲು ಜಾನ್ಸನ್ ಅವರದ್ದು ಒಳ್ಳೆಯ ಪಾಠ, ಏಕೆಂದರೆ ಅವರು ಸಾಲವನ್ನು ಬಚ್ಚಿಡಲಿಲ್ಲ. 1950ರ ಸೆಪ್ಟೆಂಬರಿನ ಆರ್ಕಿಟೆಕ್ಚರಲ್ ರಿವ್ಯೂ ಪತ್ರಿಕೆಯಲ್ಲಿ ತಮ್ಮ ಮನೆಯ ಒಂದೊಂದು ಅಂಶಕ್ಕೂ ಮೂಲ ಯಾವುದೆಂದು ಚಿತ್ರ ಸಮೇತ ಪಟ್ಟಿಮಾಡಿದರು: ಮೀಸ್, ಲೆ ಕಾರ್ಬೂಸಿಯೆ, ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಾಸ್ತುಶಿಲ್ಪಿ ಶಿಂಕೆಲ್, ಫ್ರಾನ್ಸಿನ ಲೆದೂ, ವರ್ಣಚಿತ್ರಕಾರ ಮಾಲೆವಿಚ್. ಮನೆಯ ನಡುವಿನ ಇಟ್ಟಿಗೆಯ ದುಂಡು ಕಂಭದಂಥ ಭಾಗ, ಅಂದರೆ ಬಚ್ಚಲು ಮತ್ತು ಅಗ್ಗಿಷ್ಟಿಕೆ ಇರುವ ಗಟ್ಟಿ ಭಾಗ, ಯುದ್ಧದಲ್ಲಿ ಸುಟ್ಟ ಮರದ ಮನೆಗಳ ಹಳ್ಳಿಯೊಂದರಲ್ಲಿ ಇಟ್ಟಿಗೆಯ ತಳಪಾಯ ಮತ್ತು ಚಿಮಣಿ ಮಾತ್ರ ಉಳಿದ ನೋಟದಿಂದ ಬಂದದ್ದು ಎಂದರು. ತನ್ನ ಮನೆಗೆ ತಾನೇ ವಂಶಾವಳಿ ಬರೆದುಕೊಟ್ಟ ವಾಸ್ತುಶಿಲ್ಪಿಗಳು ವಿರಳ. ಜಾನ್ಸನ್ ಯೌವನದಲ್ಲಿ ನಾಜಿಗಳನ್ನು ಬಹಿರಂಗವಾಗಿ ಬೆಂಬಲಿಸಿದ್ದವರು ಎಂಬುದನ್ನೂ ನೆನೆದರೆ ಈ ಕೊನೆಯ ಮೂಲವನ್ನು ಓದುವಾಗ ಮನಸ್ಸು ಮುದುಡುತ್ತದೆ. ಆ ಮಾತನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಇನ್ನು ವಾಸದ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಎರಡೂ ಮನೆಗಳು ಕಟ್ಟುವ ಕಾಲಕ್ಕೆ ಫ್ಲೋಟ್ ಗಾಜು ಇರಲಿಲ್ಲ. ಕರಗಿದ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಹಾಳೆ ಮಾಡುವ ಆ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಪ್ರಕಟಿಸಿದ್ದು 1959ರಲ್ಲಿ. ಅದಕ್ಕೂ ಮೊದಲು ದೊಡ್ಡ ಹಾಳೆ ಬೇಕೆಂದರೆ ಗಾಜನ್ನು ಉರುಳೆಯಲ್ಲಿ ಹಾಯಿಸಿ, ಎರಡೂ ಮೈಯನ್ನು ಅರೆದು ಹೊಳಪು ಕೊಡಬೇಕಿತ್ತು. ಅಂಥ ಕಾಲು ಅಂಗುಲ ದಪ್ಪದ ಒಂಟಿ ಗಾಜು ಈ ಮನೆಗಳದ್ದು.

ಒಂಟಿ ಗಾಜಿನ ಮೂಲಕ ಶಾಖ ಸೋರುವ ಪ್ರಮಾಣ, ಅಂದರೆ ಯು-ಮೌಲ್ಯ, ಚದರ ಮೀಟರಿಗೆ ಡಿಗ್ರಿಗೆ ಸುಮಾರು 5.7 ವ್ಯಾಟ್. ಫಾರ್ನ್ಸ್‌ವರ್ತ್ ಮನೆಯ ಗಾಜಿನ ಸುತ್ತಳತೆ 166 ಅಡಿ, ಎತ್ತರ ಒಂಬತ್ತೂವರೆ ಅಡಿ. ಒಟ್ಟು ಸುಮಾರು 146 ಚದರ ಮೀಟರ್. ಇಲಿನಾಯ್ ಚಳಿಗಾಲದ ಒಂದು ರಾತ್ರಿ ಹೊರಗೆ ಮೈನಸ್ 18 ಡಿಗ್ರಿ ಸೆಲ್ಸಿಯಸ್, ಒಳಗೆ 21 ಡಿಗ್ರಿ ಬೇಕು ಎನ್ನೋಣ. ವ್ಯತ್ಯಾಸ 39 ಡಿಗ್ರಿ. ಗುಣಿಸಿದರೆ ಬರುವುದು 32 ಕಿಲೋವ್ಯಾಟ್‌ಗಿಂತ ಸ್ವಲ್ಪ ಹೆಚ್ಚು. ಗಾಜಿನ ಮೂಲಕವೇ ಇಷ್ಟು. ನೆಲ, ಛಾವಣಿ, ಸಂದಿಗಳ ಲೆಕ್ಕ ಬೇರೆ. 2 ಕಿಲೋವ್ಯಾಟಿನ ಹದಿನಾರು ಹೀಟರ್‌ಗಳನ್ನು ರಾತ್ರಿಯಿಡೀ ಹಚ್ಚಿಟ್ಟಂತೆ.

ಬಿಲ್ಲಿಗಿಂತ ದೊಡ್ಡ ತೊಂದರೆ ಬೆವರು. ಒಂಟಿ ಗಾಜಿನಲ್ಲಿ ಶಾಖಕ್ಕೆ ಒಟ್ಟು ಪ್ರತಿರೋಧ ಸುಮಾರು 0.175, ಅದರಲ್ಲಿ ಸುಮಾರು 0.13 ಗಾಜಿನ ಒಳಮೈಗೆ ಅಂಟಿದ ಗಾಳಿಯ ಪದರದ್ದೇ. ಹಾಗಾಗಿ ಉಷ್ಣತೆಯ ಇಳಿಕೆಯಲ್ಲಿ ಮುಕ್ಕಾಲು ಪಾಲು ಕೋಣೆಯ ಒಳಗೇ, ಗಾಜು ಮುಟ್ಟುವ ಮೊದಲೇ ಆಗಿಬಿಡುತ್ತದೆ. ಮೇಲಿನ ರಾತ್ರಿಯ ಲೆಕ್ಕದಲ್ಲಿ ಗಾಜಿನ ಒಳಮೈ ಮೈನಸ್ 8 ಡಿಗ್ರಿಯ ಹತ್ತಿರ. 21 ಡಿಗ್ರಿಯ ಕೋಣೆಯಲ್ಲಿ ತೇವಾಂಶ ಶೇ 40 ಇದ್ದರೆ ಗಾಳಿಯಲ್ಲಿನ ನೀರು 7 ಡಿಗ್ರಿಯ ಮೈ ಸಿಕ್ಕ ಕೂಡಲೇ ಹನಿಗಟ್ಟುತ್ತದೆ. ಸ್ನಾನ, ಅಡುಗೆ, ಉಸಿರಾಟ ಎಲ್ಲದರ ಆವಿ ಗಾಜಿಗೆ ಹೋಗಿ ಕೂರುತ್ತದೆ. ಚಳಿ ಹೆಚ್ಚಿದರೆ ಒಳಗೇ ಮಂಜುಗಡ್ಡೆ. ಉಕ್ಕಿನ ಪಟ್ಟಿ ಗಾಜಿಗಿಂತ ಬೇಗ ತಣ್ಣಗಾಗುತ್ತದೆ, ಏಕೆಂದರೆ ಅದು ಹೊರಗಿನಿಂದ ಒಳಗಿನವರೆಗೆ ಎಲ್ಲೂ ತುಂಡಾಗದ ಒಂದೇ ಲೋಹ. ಅದಕ್ಕೆ ಪರದೆ ಎಳೆದರೆ ಬೆಚ್ಚಗಾಗುತ್ತದೆ ಎಂದುಕೊಳ್ಳುತ್ತೇವೆ. ಪರದೆ ಎಳೆದಾಗ ಕೋಣೆಯ ಬಿಸಿಗಾಳಿ ಗಾಜಿಗೆ ತಲುಪುವುದಿಲ್ಲ, ಆದರೆ ಆವಿ ತಲುಪುತ್ತದೆ. ಗಾಜು ಇನ್ನೂ ತಣ್ಣಗಾಗಿ ಬೆವರು ಹೆಚ್ಚಾಗುತ್ತದೆ. ಪರದೆ ಮತ್ತು ಗಾಜಿನ ನಡುವೆ ಕೈ ಹಿಡಿಸುವಷ್ಟು ಜಾಗ ಬಿಟ್ಟು, ಕೆಳಗೂ ಮೇಲೂ ಗಾಳಿ ಆಡುವಂತೆ ಮಾಡಿ, ಗಾಜಿನ ಬುಡದಲ್ಲೇ ಬಿಸಿ ಕೊಟ್ಟರೆ ಮಾತ್ರ ಉಪಯೋಗ. ಎರಡೂ ಮನೆಗಳಲ್ಲಿ ನೆಲದೊಳಗೆ ಬಿಸಿಯ ಕೊಳವೆಗಳಿವೆ. ಜಾನ್ಸನ್ ಛಾವಣಿಯಲ್ಲೂ ಹಾಕಿಸಿದರು.

ಹನಿಗಟ್ಟಿದ ನೀರು ಎಲ್ಲಿಗೆ ಹೋಗುತ್ತದೆ? ಗಾಜಿನ ಮೇಲಿಂದ ಜಾರಿ ಕೆಳಗಿನ ಪಟ್ಟಿಗೆ. ಗಾಜನ್ನು ಉಕ್ಕಿನ ಚೌಕಟ್ಟಿಗೆ ಚಪ್ಪಟೆ ಉಕ್ಕಿನ ಬೀಡಿಂಗ್ ಪಟ್ಟಿಯಿಂದ ಬಿಗಿದು, ಸಂದಿಗೆ ಪುಟ್ಟಿಯಂಥ ಮೇಣ ತುಂಬುವುದು ಆ ಕಾಲದ ರೀತಿ. ಮೇಣ ಒಣಗಿ ಬಿರುಕು ಬಿಟ್ಟ ಮೇಲೆ ನೀರು ಪಟ್ಟಿಯ ಹಿಂದಕ್ಕೆ ಇಳಿಯುತ್ತದೆ. ಉಕ್ಕು ತುಕ್ಕಾದಾಗ ಮೂಲ ಲೋಹಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಆ ಉಬ್ಬು ಬೀಡಿಂಗನ್ನು ಗಾಜಿನ ಕಡೆಗೆ ತಳ್ಳುತ್ತದೆ, ಒಂದು ದಿನ ಗಾಜಿನ ಕೆಳಮೂಲೆಯಿಂದ ಸೀಳು ಏಳುತ್ತದೆ. ಒಡೆದ ಗಾಜು ಬದಲಿಸಿದರೆ ರೋಗ ಹೋಗುವುದಿಲ್ಲ. ಬೀಡಿಂಗ್ ಬಿಚ್ಚಿ, ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ತೆಗೆದು, ಸತುವಿನ ಪ್ರೈಮರ್ ಬಳಿದು, ಗಾಜಿನ ತೂಕವನ್ನು ಎರಡು ಗಟ್ಟಿ ರಬ್ಬರ್ ತುಂಡುಗಳ ಮೇಲೆ ಕೂರಿಸಬೇಕು. ಆ ತುಂಡುಗಳ ಜಾಗ ಅಗಲದ ಕಾಲು ಭಾಗದಲ್ಲಿ ಒಂದು, ಮುಕ್ಕಾಲು ಭಾಗದಲ್ಲಿ ಒಂದು. ಗಾಜಿನ ಅಂಚು ಎಲ್ಲೂ ಲೋಹಕ್ಕೆ ತಾಗಬಾರದು, ಸುತ್ತ ಕನಿಷ್ಠ 3ರಿಂದ 6 ಮಿಲಿಮೀಟರ್ ಬಿಡಬೇಕು, ಕೆಳಪಟ್ಟಿಯಿಂದ ನೀರು ಹೊರಗೆ ಹೋಗಲು ತೂತು ಇರಬೇಕು. 3 ಮೀಟರ್ ಉದ್ದದ ಗಾಜು 40 ಡಿಗ್ರಿ ಏರಿಳಿತಕ್ಕೆ ಸುಮಾರು 1.1 ಮಿ.ಮೀ. ಹಿಗ್ಗುತ್ತದೆ, ಉಕ್ಕು 1.4, ಅಲ್ಯೂಮಿನಿಯಂ 2.8. ಈ ವ್ಯತ್ಯಾಸಕ್ಕೆ ಜಾಗವಿಲ್ಲದಿದ್ದರೆ ಸೋಲುವುದು ಗಾಜೇ.

ಸೀಳಿಗೆ ಇನ್ನೊಂದು ಕಾರಣವನ್ನೂ ಹೇಳಬೇಕು. ಬಿಸಿಲಿಗೆ ಗಾಜಿನ ನಡುಭಾಗ ಕಾಯುತ್ತದೆ, ಚೌಕಟ್ಟಿನೊಳಗೆ ಹುದುಗಿದ ಅಂಚು ತಣ್ಣಗಿರುತ್ತದೆ. ನಡು ಹಿಗ್ಗಲು ಹೋಗಿ ಅಂಚನ್ನು ಎಳೆಯುತ್ತದೆ. ಅಂಚಿನಲ್ಲಿ ಕತ್ತರಿಸುವಾಗ ಆದ ಒಂದು ಸಣ್ಣ ಚೂರು ಇದ್ದರೂ ಸಾಕು. ಇಂಥ ಸೀಳು ಅಂಚಿನಿಂದ ನೆಟ್ಟಗೆ, ಲಂಬವಾಗಿ ಹೊರಡುತ್ತದೆ. ಕಲ್ಲು ಬಿದ್ದ ಒಡಕಾದರೆ ನಕ್ಷತ್ರದಂತೆ ಹರಡುತ್ತದೆ. ಅರ್ಧ ಎಳೆದ ಪರದೆ, ಗಾಜಿಗೆ ಅಂಟಿಸಿದ ಕಪ್ಪು ಫಿಲ್ಮ್, ಒರಗಿಸಿಟ್ಟ ಸೋಫಾ ಈ ಎಳೆತವನ್ನು ಹೆಚ್ಚಿಸುತ್ತವೆ.

ಈ ಎಲ್ಲಕ್ಕೂ ಈಗಿನ ಉತ್ತರ ಡಬಲ್ ಗ್ಲೇಜಿಂಗ್. ಎರಡು ಗಾಜಿನ ನಡುವೆ ಗಾಳಿ ಇದ್ದರೆ ಯು-ಮೌಲ್ಯ 2.8ರ ಸುಮಾರಿಗೆ, ಶಾಖವನ್ನು ಹಿಂದಕ್ಕೆ ಪ್ರತಿಫಲಿಸುವ ಲೋ-ಇ ಲೇಪ ಮತ್ತು ಆರ್ಗಾನ್ ಅನಿಲ ಇದ್ದರೆ 1.2ರ ಹತ್ತಿರಕ್ಕೆ ಇಳಿಯುತ್ತದೆ. ಆದರೆ 6 ಮಿ.ಮೀ. ಇದ್ದ ಜಾಗದಲ್ಲಿ 24 ಮಿ.ಮೀ. ಕೂರಬೇಕು, 3 ಮೀಟರ್‌ಗೆ 3 ಮೀಟರ್ ಗಾಜಿನ ತೂಕ 135 ಕಿಲೋದಿಂದ 270ಕ್ಕೆ ಏರುತ್ತದೆ. ಪಟ್ಟಿ ದಪ್ಪವಾಗಲೇಬೇಕು. ಮೀಸ್ ಅವರ ಪಟ್ಟಿಯ ತೆಳುವನ್ನೇ ಉಳಿಸಲು ಹೊರಟ ಸಂರಕ್ಷಕರಿಗೆ ಈ ದಾರಿ ಮುಚ್ಚಿದಂತೆಯೇ.

ಗಾಳಿಯ ವಿಷಯದಲ್ಲಿ ಫಾರ್ನ್ಸ್‌ವರ್ತ್ ಮನೆ ಇನ್ನೂ ಜಿಪುಣ. ಪಶ್ಚಿಮಕ್ಕೆ ಜೋಡಿ ಬಾಗಿಲು, ಪೂರ್ವದಲ್ಲಿ ಮಲಗುವ ಜಾಗದ ಬಳಿ ಕೆಳಗಡೆ ಎರಡು ಪುಟ್ಟ ಕಿಟಕಿ. ಬೇರೆ ಯಾವ ಗಾಜೂ ತೆರೆಯುವುದಿಲ್ಲ. ನದಿ ದಂಡೆಯಾದ್ದರಿಂದ ಬೇಸಿಗೆಯಲ್ಲಿ ಸೊಳ್ಳೆಯ ಕಾಟ, ಬಾಗಿಲು ತೆರೆದಿಡುವಂತಿಲ್ಲ. ಡಾ. ಫಾರ್ನ್ಸ್‌ವರ್ತ್ ಜಗಲಿಗೆ ಸೊಳ್ಳೆಪರದೆ ಹಾಕಿಸಿದರು. 1972ರಲ್ಲಿ ಮನೆ ಕೊಂಡ ಪೀಟರ್ ಪಲಂಬೊ, ಮೂಲ ವಿನ್ಯಾಸಕ್ಕೆ ಮರಳಲೆಂದು ಅದನ್ನು ತೆಗೆಸಿದರು. ಮನೆಯ ಚರಿತ್ರೆ ಬರೆದವರು ಬಹಳ ಕಾಲ ಆ ಪರದೆಯನ್ನು ಒಡತಿಯ ಅರಸಿಕತೆ ಎಂಬಂತೆ ಕಂಡರು. ಇಪ್ಪತ್ತು ವರ್ಷ ಆ ಮನೆಯನ್ನು ಬಳಸಿದವರು ಡಾ. ಫಾರ್ನ್ಸ್‌ವರ್ತ್. ಮನೆಯ ಬಗ್ಗೆ ಅವರಷ್ಟು ತಿಳಿದವರು ಇನ್ಯಾರೂ ಇರಲಿಲ್ಲ. 2021ರಲ್ಲಿ ಮನೆಯ ಹೆಸರನ್ನು ಅಧಿಕೃತವಾಗಿ ಈಡಿತ್ ಫಾರ್ನ್ಸ್‌ವರ್ತ್ ಮನೆ ಎಂದು ಬದಲಿಸಿದ್ದು ತಡವಾದರೂ ನ್ಯಾಯ.

ನದಿ ಬಿಡಲಿಲ್ಲ. 1954ರಲ್ಲಿ ನೀರು ನೆಲದಿಂದ ಸುಮಾರು 4 ಅಡಿ ಮೇಲೆ ನಿಂತಿತು. 1996ರಲ್ಲಿ 5 ಅಡಿಯಷ್ಟು ಬಂದು ಗಾಜು ಒಡೆದು, ಮರದ ಹಲಗೆಗಳು ಹಾಳಾದವು. ಮೀಸ್ ಅವರ ಮೊಮ್ಮಗ, ವಾಸ್ತುಶಿಲ್ಪಿ ಡರ್ಕ್ ಲೋಹನ್ ದುರಸ್ತಿ ಮಾಡಿಸಿದರು. 2003ರಲ್ಲಿ ಹರಾಜಿಗೆ ಬಂದಾಗ ಸಂರಕ್ಷಣಾ ಸಂಸ್ಥೆಗಳು 75 ಲಕ್ಷ ಡಾಲರಿಗೆ ಕೊಂಡು ಉಳಿಸಿಕೊಂಡವು. 2008ರಲ್ಲಿ ಮತ್ತೆ ಒಳಗೆ ನೀರು. ಮೇಲ್ಭಾಗದ ಊರುಗಳು ಬೆಳೆದು, ಕಾಂಕ್ರೀಟು ಹೆಚ್ಚಾಗಿ, ಮಳೆನೀರು ಬೇಗ ನದಿಗೆ ಸೇರುವಾಗ 1940ರ ದಶಕದ ಪ್ರವಾಹದ ಗುರುತು ನಂಬಿ ಎತ್ತಿದ ನೆಲ ಸಾಲುವುದಿಲ್ಲ. ಬೆಂಗಳೂರಿನ ಕೆರೆಯಂಚಿನ ಬಡಾವಣೆಗಳವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಜಾನ್ಸನ್ ತಮ್ಮ ಗಾಜಿನ ಮನೆಯಲ್ಲಿ 2005ರಲ್ಲಿ ಸಾಯುವವರೆಗೆ, ಐದು ದಶಕಕ್ಕೂ ಮಿಕ್ಕಿ, ಹೇಗೆ ಇದ್ದರು? ಉತ್ತರ ಅದರ ಎದುರಿಗೇ ಇದೆ. ಗಾಜಿನ ಮನೆಯ ಜೊತೆಗೇ, ಹುಲ್ಲುಹಾಸಿನ ಆಚೆ, ಅವರು ಒಂದು ಇಟ್ಟಿಗೆ ಮನೆ ಕಟ್ಟಿಸಿದರು. ಗಾಜಿನ ಮನೆಯ ಕಡೆಗೆ ಮುಖಮಾಡಿದ ಅದರ ಗೋಡೆಯಲ್ಲಿ ಒಂದು ಬಾಗಿಲು ಬಿಟ್ಟರೆ ಕಿಟಕಿಯೇ ಇಲ್ಲ. ಹಿಂಬದಿಗೆ ದುಂಡು ಕಿಟಕಿಗಳು. ಅತಿಥಿಗಳ ಮಲಗುವ ಕೋಣೆ ಅಲ್ಲಿ. ಎರಡೂ ಮನೆಗಳಿಗೆ ಬೇಕಾದ ಬಿಸಿಯ ಯಂತ್ರಗಳೂ ಅಲ್ಲೇ; ಕೊಳವೆಗಳು ನೆಲದಡಿಯಲ್ಲಿ ಗಾಜಿನ ಮನೆಗೆ ಬರುತ್ತವೆ. ಗಾಜಿನ ಮನೆ ಅಷ್ಟು ಖಾಲಿಯಾಗಿ, ಅಷ್ಟು ಹಗುರಾಗಿ ಇರಲು ಸಾಧ್ಯವಾದದ್ದು ಇನ್ನೊಂದು ಮನೆ ಅದರ ಭಾರ ಹೊತ್ತದ್ದರಿಂದ. ಇದರ ಮೇಲೆ ಸುತ್ತ 49 ಎಕರೆ ಜಮೀನು: ಪರದೆ ಇಲ್ಲದೆ ಮಲಗಬಹುದು, ಏಕೆಂದರೆ ಅಕ್ಕಪಕ್ಕ ಯಾರೂ ಇಲ್ಲ. ಮಾದರಿ ಎಂದು ಜಗತ್ತು ನೋಡಿದ್ದು ಜೋಡಿಯ ಒಂದು ಅರ್ಧವನ್ನು. ಇಟ್ಟಿಗೆಯ ಅರ್ಧದ ಫೋಟೋ ಪತ್ರಿಕೆಗಳಲ್ಲಿ ಅಪರೂಪ.

ಪ್ರಭಾವವನ್ನು ಚೆನ್ನಾಗಿ ಅರಗಿಸಿಕೊಂಡವರೂ ಇದ್ದಾರೆ. ಬ್ರೆಜಿಲಿನ ಸಾವೊ ಪೌಲೊದಲ್ಲಿ ಲೀನಾ ಬೊ ಬಾರ್ಡಿ 1951ರಲ್ಲಿ ಮುಗಿಸಿದ ತಮ್ಮ ಮನೆಗೆ ‘ಕಾಜಾ ದೆ ವಿದ್ರೊ’, ಅಂದರೆ ಗಾಜಿನ ಮನೆ ಎಂದೇ ಹೆಸರು. ಇಳಿಜಾರಿನ ಕಡೆ ತೆಳು ಉಕ್ಕಿನ ಕಂಬಗಳ ಮೇಲೆ ಎದ್ದ ಗಾಜಿನ ಪಡಸಾಲೆ. ಅದರ ನಡುವೆ ಮರವೊಂದು ಬೆಳೆಯಲು ಬಿಟ್ಟ ತೆರೆದ ಅಂಗಳ. ಹಿಂಭಾಗದಲ್ಲಿ ಮಲಗುವ ಕೋಣೆ, ಅಡುಗೆಮನೆ ಎಲ್ಲ ಗಟ್ಟಿ ಗೋಡೆಯವು, ನೆಲಕ್ಕೆ ಕೂತವು, ಸಾಧಾರಣ ಕಿಟಕಿಯವು. ಗಾಜು ಸರಿಯುತ್ತದೆ, ಗಾಳಿ ಅಂಗಳದಿಂದ ಹಾಯುತ್ತದೆ. ಜಾನ್ಸನ್ ಎರಡು ಕಟ್ಟಡದಲ್ಲಿ ಹಂಚಿದ್ದನ್ನು ಇವರು ಒಂದೇ ಕಟ್ಟಡದ ಮುಂದು ಹಿಂದಿನಲ್ಲಿ ಹಂಚಿದರು. ಹಾಗೆಯೇ ಲಾಸ್ ಏಂಜಲೀಸ್‌ನ ಗುಡ್ಡದ ಮೇಲೆ ಪಿಯರ್ ಕೋನಿಗ್ 1960ರಲ್ಲಿ ಮುಗಿಸಿದ ಸ್ಟಾಲ್ ಮನೆ. ಜೂಲಿಯಸ್ ಶುಲ್ಮನ್ ತೆಗೆದ ಅದರ ರಾತ್ರಿಯ ಫೋಟೋ, ಗಾಜಿನ ಮೂಲೆಯಲ್ಲಿ ಕೂತ ಇಬ್ಬರು ಹೆಂಗಸರು, ಕೆಳಗೆ ನಗರದ ದೀಪಗಳು, ಬಹಳ ಮಂದಿಗೆ ಪರಿಚಿತ. ಆ ಫೋಟೋದಲ್ಲಿ ಕಾಣದ್ದು ರಸ್ತೆಯ ಕಡೆಯ ಮುಚ್ಚಿದ ಗೋಡೆ.

ಬಿಸಿಲಿನ ಲೆಕ್ಕವನ್ನು ನಮ್ಮ ಊರಿಗೆ ತಂದು ನೋಡಬೇಕು, ಏಕೆಂದರೆ ಗಾಜಿನ ಚಿತ್ರ ಕಚೇರಿಗಳ ಮೂಲಕ ಇಲ್ಲಿಗೂ ಬಂದು, ಈಗ ಮನೆಗಳಿಗೂ ಇಳಿಯುತ್ತಿದೆ. ಪ್ಲೇನೋ ಊರು ಸುಮಾರು 41.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನ ಮಧ್ಯಾಹ್ನ ಅಲ್ಲಿ ಸೂರ್ಯ 25 ಡಿಗ್ರಿಗಿಂತ ಮೇಲೇರುವುದಿಲ್ಲ; ಬಿಸಿಲು ಗಾಜಿನೊಳಗೆ ಸುಮಾರು 6 ಮೀಟರ್ ನುಗ್ಗುತ್ತದೆ. ಚಳಿದೇಶದವರಿಗೆ ಅದು ಹಬ್ಬ. ಬೆಂಗಳೂರು 13 ಡಿಗ್ರಿಯಲ್ಲಿದೆ. ಮಾರ್ಚಿನ ಮಧ್ಯಾಹ್ನ ಸೂರ್ಯ 77 ಡಿಗ್ರಿ ಎತ್ತರ, ದಕ್ಷಿಣದ 2.4 ಮೀಟರ್ ಎತ್ತರದ ಗಾಜಿಗೆ 55 ಸೆಂಟಿಮೀಟರ್ ಸಜ್ಜಾ ಸಾಕು. ಜೂನಿನಲ್ಲಿ ಸೂರ್ಯ ಉತ್ತರಕ್ಕೆ ದಾಟುವುದರಿಂದ ಉತ್ತರದ ಗೋಡೆಗೂ ಸುಮಾರು ಅಷ್ಟೇ ಬೇಕು. ಪಶ್ಚಿಮ ಮಾತ್ರ ಮಣಿಯುವುದಿಲ್ಲ. ಮಾರ್ಚಿನ ಸಂಜೆ ನಾಲ್ಕೂವರೆಯ ಹೊತ್ತಿಗೆ ಸೂರ್ಯ ಸುಮಾರು 30 ಡಿಗ್ರಿಯಲ್ಲಿ ನೇರ ಎದುರಿಗೆ ನಿಂತಿರುತ್ತಾನೆ. ಅದೇ ಗಾಜಿಗೆ ನೆರಳು ಮಾಡಲು 4 ಮೀಟರ್‌ಗೂ ಮಿಕ್ಕ ಸಜ್ಜಾ ಬೇಕು, ಅದು ಆಗದ ಮಾತು. ಚದರ ಮೀಟರಿಗೆ 600 ವ್ಯಾಟ್ ಬಿಸಿಲು ಬೀಳುತ್ತಿದೆ, ಸಾದಾ ಗಾಜು ಅದರಲ್ಲಿ ಶೇ 82ರಷ್ಟು ಶಾಖವನ್ನು ಒಳಗೆ ಬಿಡುತ್ತದೆ ಎಂದಿಟ್ಟುಕೊಂಡರೆ, 10 ಚದರ ಮೀಟರ್ ಗಾಜಿನಿಂದ 4.9 ಕಿಲೋವ್ಯಾಟ್ ಒಳಬರುತ್ತದೆ. ಒಂದು ಟನ್ ಎಸಿ ಎಂದರೆ 3.5 ಕಿಲೋವ್ಯಾಟ್. ಒಂದೂವರೆ ಟನ್ ಎಸಿ ಆ ಒಂದು ಗಾಜಿನ ಗೋಡೆಗೇ ಮೀಸಲು. ಪರದೆ ಒಳಗೆ ಹಾಕಿದರೆ ಶಾಖ ಆಗಲೇ ಗಾಜು ದಾಟಿ ಒಳಗೆ ಬಂದಿರುತ್ತದೆ, ತಡೆ ಹೊರಗಿರಬೇಕು.

ಹೊರಗಿನ ತಡೆ ಹೇಗಿರಬೇಕೆಂದು ನೋಡಲು ದೂರ ಹೋಗಬೇಕಾಗಿಲ್ಲ. ಪುದುಚೇರಿಯ ಅರವಿಂದಾಶ್ರಮದ ಗೋಲ್ಕೊಂಡೆ ವಸತಿಗೃಹವನ್ನು ಆಂಟೊನಿನ್ ರೇಮಂಡ್ ವಿನ್ಯಾಸ ಮಾಡಿದ್ದು 1930ರ ದಶಕದಲ್ಲಿ. ಕೆಲಸ ಮಾಡಿಸಿದವರಲ್ಲಿ ಜಾರ್ಜ್ ನಕಾಶಿಮಾ ಒಬ್ಬರು. ಫಾರ್ನ್ಸ್‌ವರ್ತ್ ಮನೆಗಿಂತ ಮೊದಲಿನದು, ಅಪ್ಪಟ ಆಧುನಿಕ, ತೆರೆದ ಕಾಂಕ್ರೀಟಿನದು. ಅದರ ಉತ್ತರ ದಕ್ಷಿಣದ ಮುಖಗಳೂ ಗೋಡೆಯಿಲ್ಲದವೇ, ಆದರೆ ಗಾಜಿನ ಬದಲು ಉದ್ದಕ್ಕೂ ಕೈಯಿಂದ ತಿರುಗಿಸುವ ಅಡ್ಡ ಪಟ್ಟಿಗಳು. ಬಿಸಿಲು ನಿಲ್ಲುತ್ತದೆ, ಗಾಳಿ ಹಾಯುತ್ತದೆ, ಮಳೆ ಬಂದರೆ ಮುಚ್ಚಬಹುದು.

ನಮ್ಮಲ್ಲಿ ಗಾಜಿನ ಗೋಡೆ ಬೇಕೇ ಬೇಕು ಎನ್ನುವವರಿಗೆ ಹೇಳುವುದಿಷ್ಟು. ಉತ್ತರಕ್ಕೆ ಇಡಿ, ದಕ್ಷಿಣಕ್ಕಾದರೆ ಸಜ್ಜಾ ಕೊಡಿ. ಪಶ್ಚಿಮಕ್ಕೆ ಬಚ್ಚಲು, ಮೆಟ್ಟಿಲು, ಕಪಾಟಿನ ಗೋಡೆ ಬರಲಿ. ಪ್ರತಿ ಕೋಣೆಗೆ ಎದುರುಬದುರು ಎರಡು ಕಡೆ ತೆರೆಯುವ ಕಿಟಕಿ, ಅದಕ್ಕೆ ಸೊಳ್ಳೆಪರದೆ ಕೂರುವ ಜಾಗ ನಕ್ಷೆಯಲ್ಲೇ ಇರಲಿ. ನೆಲಮಟ್ಟದವರೆಗೆ ಬರುವ ಗಾಜು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಅಥವಾ ಲ್ಯಾಮಿನೇಟೆಡ್ (ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿದ್ದು) ಆಗಿರಲಿ. ತಲೆಯ ಮೇಲಿನದು ಲ್ಯಾಮಿನೇಟೆಡ್ ಮಾತ್ರ, ಏಕೆಂದರೆ ಟಫನ್ಡ್ ಗಾಜು ಒಳಗಿನ ನಿಕಲ್ ಸಲ್ಫೈಡ್ ಕಣದಿಂದ ಯಾರೂ ಮುಟ್ಟದೆಯೂ ಸಿಡಿಯಬಲ್ಲದು. ಹೊಸ್ತಿಲು ತೆಗೆಯುವುದಾದರೆ ಬಾಗಿಲ ಹೊರಗೆ ಜಾಲರಿ ಮುಚ್ಚಿದ ಕಾಲುವೆ ಕಡ್ಡಾಯ.

ನ್ಯೂ ಕೇನನ್‌ನ ಗಾಜಿನ ಮನೆ 2007ರಿಂದ ಸಾರ್ವಜನಿಕರಿಗೆ ತೆರೆದಿದೆ. ಎದುರಿನ ಇಟ್ಟಿಗೆ ಮನೆಯೊಳಗೆ ನೀರು, ತೇವ ಸೇರಿ 2008ರಲ್ಲಿ ಅದನ್ನು ಮುಚ್ಚಬೇಕಾಯಿತು. ಹದಿನಾರು ವರ್ಷದ ಮೇಲೆ, ದುರಸ್ತಿ ಮುಗಿದು, 2024ರಲ್ಲಿ ಮತ್ತೆ ಬಾಗಿಲು ತೆರೆಯಿತು. ಅಮೆರಿಕದಲ್ಲಿರುವ ಕನ್ನಡಿಗರು ಯಾರಾದರೂ ಆ ಕಡೆ ಹೋದರೆ, ಗಾಜಿನ ಮನೆಗಿಂತ ಮೊದಲು ಇಟ್ಟಿಗೆ ಮನೆಯ ಮುಂದೆ ನಿಂತು, ಹುಲ್ಲಿನಡಿ ಕೊಳವೆಗಳು ಯಾವ ದಿಕ್ಕಿಗೆ ಹೋಗುತ್ತವೆಂದು ಅಂದಾಜು ಮಾಡಿ, ಆಮೇಲೆ ಆಚೆ ನಡೆಯಿರಿ.